ನನ್ನ ಹೆಸರಲ್ಲಿ ಬೇರೆಯವರು ಹಾಕಿದ ಅರ್ಜಿ: ಎಂಪಿಪಿ, ಎಂಪಿಎಗೆ ಹೊರಟಿರುವವರು ದಯವಿಟ್ಟು ಓದಿ

2024ರ ಫೆಬ್ರವರಿಯಲ್ಲಿ ಒಂದು ಬೆಳಿಗ್ಗೆ ಅಮೆರಿಕದ ಒಂದು ವಿಶ್ವವಿದ್ಯಾಲಯದಿಂದ ನನಗೆ ಮೇಲ್ ಬಂತು. ನಾನಾಗ ಕೊಪ್ಪಳದಿಂದ ಕುಷ್ಟಗಿಗೆ ಹೋಗುವ ಬಸ್ಸಿನಲ್ಲಿದ್ದೆ. ಮೂರ್ನಾಲ್ಕು ಸಾಲಷ್ಟೇ ಇತ್ತು. ನಿಮ್ಮ ಎರಡು ಶಿಫಾರಸು ಪತ್ರಗಳು ಅರ್ಧ ಗಂಟೆಯ ಅಂತರದಲ್ಲಿ ಒಂದೇ ಇಂಟರ್‌ನೆಟ್ ವಿಳಾಸದಿಂದ ಬಂದಿವೆ, ನಿಮ್ಮ ಅರ್ಜಿ ಬಂದಿರುವುದೂ ಅಲ್ಲಿಂದಲೇ, ಹತ್ತು ದಿನದೊಳಗೆ ವಿವರಣೆ ಕೊಡಿ ಅಂತ.

ನಾನು ಯಾವ ಪತ್ರವನ್ನೂ ಕಳಿಸಿರಲಿಲ್ಲ. ಅರ್ಜಿಯ ಸಬ್ಮಿಟ್ ಬಟನ್ ಕೂಡ ನಾನು ಒತ್ತಿರಲಿಲ್ಲ.

ಸಾರ್ವಜನಿಕ ನೀತಿ (ಎಂಪಿಪಿ), ಸಾರ್ವಜನಿಕ ಆಡಳಿತದಲ್ಲಿ (ಎಂಪಿಎ) ಸ್ನಾತಕೋತ್ತರ ಪದವಿ ಓದಬೇಕು ಅನ್ನುವವರು ಈಗ ನಮ್ಮ ಕಡೆಯ ಊರುಗಳಲ್ಲೂ ಇದ್ದಾರೆ. ಎಂಜಿನಿಯರಿಂಗ್ ಆದರೆ ಅಮೆರಿಕಕ್ಕೆ ಹೋಗಿ ಬಂದವರು ಬೀದಿಗೊಬ್ಬರು ಸಿಗುತ್ತಾರೆ, ಹೋಗಿ ಕೇಳಬಹುದು. ಎಂಪಿಪಿಗೂ ಎಂಪಿಎಗೂ ಏನು ವ್ಯತ್ಯಾಸ, ಯಾವುದಕ್ಕೆ ಎಷ್ಟು ಖರ್ಚು, ಮುಗಿಸಿದ ಮೇಲೆ ಏನು ಅಂತ ಕೇಳಲು ನನಗೆ ಯಾರೂ ಇರಲಿಲ್ಲ. ನಿಮಗೂ ಇರಲಿಕ್ಕಿಲ್ಲ. ಅದಕ್ಕೇ ಎಲ್ಲವನ್ನೂ ಬರೆಯುತ್ತಿದ್ದೇನೆ.

ನಾನು ದಾವಣಗೆರೆಯಲ್ಲಿ ಬಿಎ ಮಾಡಿ, ಅರ್ಥಶಾಸ್ತ್ರದಲ್ಲಿ ಎಂಎ ಮುಗಿಸಿ, ಕೊಪ್ಪಳ ಜಿಲ್ಲೆಯ ಒಂದು ಸಂಸ್ಥೆಯಲ್ಲಿ ನಾಲ್ಕು ವರ್ಷ ಉದ್ಯೋಗ ಖಾತ್ರಿಯ ಕೆಲಸ ಮಾಡಿದವಳು. ಹಳ್ಳಿಗೆ ಹೋಗಿ ಕೆಲಸ ಕೇಳುವ ಅರ್ಜಿ, ಅಂದರೆ ನಮೂನೆ 6 ತುಂಬಿಸುವುದು, ಪಂಚಾಯಿತಿಯಿಂದ ಸ್ವೀಕೃತಿ ಕೊಡಿಸುವುದು, ಕೂಲಿ ಬರದಿದ್ದರೆ ಪಿಡಿಒ ಹತ್ತಿರ, ತಾಲ್ಲೂಕು ಪಂಚಾಯಿತಿ ಹತ್ತಿರ ಅಲೆಯುವುದು. 2023ರ ಜನವರಿ 1ರಿಂದ ಎಲ್ಲ ಕೆಲಸದ ಜಾಗದಲ್ಲೂ ಎನ್‌ಎಂಎಂಎಸ್ ಆಪ್‌ನಲ್ಲೇ ಹಾಜರಿ ಅಂತ ಕೇಂದ್ರ ಸರ್ಕಾರ ಕಡ್ಡಾಯ ಮಾಡಿತು. ದಿನಕ್ಕೆ ಎರಡು ಸಲ ಫೋಟೋ. ನಮ್ಮ ಎಷ್ಟೋ ಹಳ್ಳಿಗಳಲ್ಲಿ ನೆಟ್‌ವರ್ಕ್ ಇಲ್ಲ. ನಸುಕಿನಲ್ಲೇ ಬಂದು ತಮ್ಮ ಪಾಲಿನ ಮಣ್ಣು ಕಡಿದು ಮುಗಿಸಿದ ಹೆಂಗಸರು ಎರಡನೇ ಫೋಟೋಗೋಸ್ಕರ ಬಿಸಿಲಲ್ಲಿ ಕೂತು ಕಾಯಬೇಕಿತ್ತು. ಆಗ ಕೂಲಿ ದಿನಕ್ಕೆ 309 ರೂಪಾಯಿ, ಏಪ್ರಿಲ್‌ನಿಂದ 316. ಫೋಟೋ ಹೋಗದಿದ್ದರೆ ಆ ದಿನದ ಕೂಲಿಗೇ ಕುತ್ತು. ದಿಲ್ಲಿಯಲ್ಲಿ ಕೂತು ಇದನ್ನು ರೂಪಿಸಿದವರಿಗೆ ಈ ಕೆರೆ ಏರಿ ಕಾಣಲಿಲ್ಲವಲ್ಲ, ಕಾಣುವ ಹಾಗೆ ಯೋಜನೆ ಮಾಡುವುದನ್ನು ಎಲ್ಲಾದರೂ ಕಲಿಸುತ್ತಾರಾ ಅಂತ ಹುಡುಕುತ್ತಾ ಹೋದಾಗ ನನಗೆ ಈ ಓದಿನ ಬಗ್ಗೆ ಗೊತ್ತಾಗಿದ್ದು.

ಆಮೇಲೆ ವಿದೇಶದ ಓದಿಗೆ ಅರ್ಜಿ ಹಾಕಿಸಿಕೊಡುವ ಬೆಂಗಳೂರಿನ ಒಂದು ಕನ್ಸಲ್ಟೆನ್ಸಿಗೆ ಹೋದೆ. ಹೆಸರು ಬರೆಯುವುದಿಲ್ಲ. ಬರೆದರೆ ಅದೊಂದನ್ನು ಬಿಟ್ಟು ಪಕ್ಕದ ಕಟ್ಟಡದ್ದಕ್ಕೆ ಹೋಗುತ್ತೀರಿ, ಅಲ್ಲೂ ಇದೇ ಆಗಬಹುದು. ಆರು ವಿಶ್ವವಿದ್ಯಾಲಯಗಳಿಗೆ ಅರ್ಜಿ, ಪ್ಯಾಕೇಜ್ 70 ಸಾವಿರ, ಅರ್ಜಿ ಫೀಸು ಬೇರೆ. ಅಲ್ಲಿದ್ದವರು ಒಳ್ಳೆಯ ಮಾತಿನವರು. "ನೀವು ಫೀಲ್ಡ್‌ನಲ್ಲಿ ಇರ್ತೀರಿ ಮೇಡಂ, ನೆಟ್‌ವರ್ಕ್ ಸಿಗಲ್ಲ, ಡೆಡ್‌ಲೈನ್ ತಪ್ಪಿದ್ರೆ ಒಂದು ವರ್ಷ ಹೋಯ್ತು. ಲಾಗಿನ್ ಎಲ್ಲ ನಾವೇ ಮಾಡ್ಕೋತೀವಿ" ಅಂದರು. ನನ್ನ ಹೆಸರಲ್ಲಿ ಹೊಸ ಮೇಲ್ ಐಡಿ ಮಾಡಿದರು. ಅದರ ಪಾಸ್‌ವರ್ಡ್ ಅವರ ಹತ್ತಿರ. ಆರೂ ಅರ್ಜಿಗಳ ಪಾಸ್‌ವರ್ಡ್ ಕೂಡ ಅವರ ಹತ್ತಿರವೇ. ನಾನು ಒಪ್ಪಿಕೊಂಡೆ. ಮುಂದೆ ಆದದ್ದೆಲ್ಲ ಆ ಒಂದು ಒಪ್ಪಿಗೆಯಿಂದ ಆದದ್ದು.

ಮೊದಲು ಎಸ್‌ಒಪಿ ವಿಷಯ. ಯಾಕೆ ಓದಬೇಕು, ಏನು ಮಾಡಿದ್ದೀರಿ ಅಂತ ನಾವೇ ಬರೆಯಬೇಕಾದ ಪತ್ರ ಅದು. ನಾನು ಎರಡು ವಾರ ರಾತ್ರಿ ಕೂತು ಎರಡು ಪುಟ ಬರೆದಿದ್ದೆ. ಕೆರೆ ಏರಿಯ ಮೇಲೆ ಹತ್ತಿ, ಫೋನನ್ನು ತಲೆಯ ಮೇಲೆ ಹಿಡಿದು ಸಿಗ್ನಲ್ ಹುಡುಕುತ್ತಿದ್ದ ಒಬ್ಬ ಕಾಯಕ ಬಂಧು (ಕೂಲಿಕಾರರ ಗುಂಪಿನ ಮುಂದಾಳು), ಕೆಳಗೆ ಸೆರಗು ತಲೆಗೆ ಹಾಕಿಕೊಂಡು ಕಾಯುತ್ತಿದ್ದ ಇಪ್ಪತ್ತೆರಡು ಹೆಂಗಸರು. ಅಲ್ಲಿಂದ ಶುರು ಮಾಡಿದ್ದೆ. ಹಾಜರಿ ಹೋಗದ ದಿನಗಳನ್ನು ನಾನೇ ನೋಟ್‌ಬುಕ್ಕಿನಲ್ಲಿ ಲೆಕ್ಕ ಇಟ್ಟಿದ್ದೆ, ಅದನ್ನೂ ಸೇರಿಸಿದ್ದೆ. ಅವರು ಓದಿ, "ತುಂಬಾ ಲೋಕಲ್ ಆಯ್ತು ಮೇಡಂ, ಅವರಿಗೆ ಇದೆಲ್ಲ ಅರ್ಥ ಆಗಲ್ಲ" ಅಂದರು. ಮೂರು ದಿನದಲ್ಲಿ ಬೇರೆಯದೇ ಬರೆದು ಕಳಿಸಿದರು. ಚಿಕ್ಕಂದಿನಿಂದಲೂ ಸಮಾಜ ಸೇವೆಯ ಕನಸು ಕಂಡವಳು ನಾನು ಅಂತ ಶುರು, ನಡುವೆ ಗಾಂಧೀಜಿಯವರ ಒಂದು ಮಾತು, ಕೊನೆಗೆ ವಿಶ್ವವಿದ್ಯಾಲಯದ ಹೊಗಳಿಕೆ. ಕಾಯಕ ಬಂಧು ಇಲ್ಲ, ನೋಟ್‌ಬುಕ್ ಇಲ್ಲ. ಓದಿದಾಗ ಇದು ನನ್ನದಲ್ಲ ಅನ್ನಿಸಿತ್ತು. ಆದರೆ ಇಂಗ್ಲಿಷ್ ನುಣುಪಾಗಿತ್ತು, ಇವರಿಗೆ ಗೊತ್ತಿರುತ್ತದೆ ಅಂದುಕೊಂಡು ಸುಮ್ಮನಾದೆ.

ಈಗ ಗೊತ್ತಾಗಿದೆ, ಈ ಕೋರ್ಸಿನವರಿಗೆ ಬೇಕಾಗಿದ್ದು ಆ ಲೋಕಲ್ ವಿಷಯವೇ. ಪ್ರಿನ್ಸ್‌ಟನ್‌ನ ಎಂಪಿಎ ಅರ್ಜಿಯಲ್ಲಿ ಒಂದು ಸಮಸ್ಯೆ ತೆಗೆದುಕೊಂಡು ಪಾಲಿಸಿ ಮೆಮೊ, ಅಂದರೆ ಅದಕ್ಕೆ ಪರಿಹಾರ ಸೂಚಿಸುವ ಟಿಪ್ಪಣಿ ಬರೆಯಿರಿ ಅಂತಲೇ ಕೇಳುತ್ತಾರೆ. ಹಾರ್ವರ್ಡ್‌ನ ಕೆನಡಿ ಸ್ಕೂಲ್ ಎಂಪಿಪಿಗೆ ಅಂಕಿಅಂಶ, ಗಣಿತದಲ್ಲಿ ನೀವೇನು ಮಾಡಿದ್ದೀರಿ ಅಂತ ತೋರಿಸುವ ಪ್ರತ್ಯೇಕ ರೆಸ್ಯೂಮೆ ಕೇಳುತ್ತದೆ. ಒಂದು ಸರ್ಕಾರಿ ಯೋಜನೆ ನೆಲದ ಮೇಲೆ ಎಲ್ಲಿ ಮುರಿದು ಬೀಳುತ್ತದೆ ಅಂತ ಕಣ್ಣಾರೆ ಕಂಡವರು, ಅದನ್ನು ಲೆಕ್ಕ ಇಟ್ಟವರು ಅಲ್ಲಿ ಬೇಕು. ಗ್ರಾಮ ಪಂಚಾಯಿತಿಯಲ್ಲಿ, ಅಂಗನವಾಡಿಯಲ್ಲಿ, ರೇಷನ್ ಅಂಗಡಿ ಮುಂದೆ ಕೆಲಸ ಮಾಡಿದವರು ನಮ್ಮಲ್ಲಿ ಎಷ್ಟು ಜನ ಇದ್ದೀರಿ! ಅದನ್ನು ಅಳಿಸಲು ಯಾರಿಗೂ ಬಿಡಬೇಡಿ.

ಇನ್ನು ಶಿಫಾರಸು ಪತ್ರ. ಎಂಎಯಲ್ಲಿ ಪಾಠ ಮಾಡಿದ ಸರ್ ಹೆಸರನ್ನೂ, ನಮ್ಮ ಸಂಸ್ಥೆಯ ಮೇಡಂ ಹೆಸರನ್ನೂ ಕೊಟ್ಟಿದ್ದೆ. ಸರಿಯಾದ ರೀತಿ ಏನೆಂದರೆ, ವಿಶ್ವವಿದ್ಯಾಲಯದಿಂದ ಅವರಿಗೆ ನೇರವಾಗಿ ಒಂದು ಲಿಂಕ್ ಹೋಗುತ್ತದೆ, ಅವರೇ ಬರೆದು ಅವರೇ ಅಪ್‌ಲೋಡ್ ಮಾಡಬೇಕು. ನಮ್ಮ ಕಾಲೇಜುಗಳಲ್ಲಿ ಎಷ್ಟೋ ಮೇಷ್ಟ್ರುಗಳಿಗೆ ಕಾಲೇಜಿನ ಮೇಲ್ ಐಡಿ ಇರುವುದಿಲ್ಲ, ಜಿಮೇಲ್ ಬಳಸುತ್ತಾರೆ. ಕನ್ಸಲ್ಟೆನ್ಸಿಯವರು ಇದನ್ನೇ ಹಿಡಿದುಕೊಂಡರು. ಇಬ್ಬರ ಹೆಸರಲ್ಲೂ ತಾವೇ ಜಿಮೇಲ್ ತೆರೆದು, ತಾವೇ ಪತ್ರ ಬರೆದು, ತಮ್ಮ ಆಫೀಸಿನ ಕಂಪ್ಯೂಟರಿನಿಂದಲೇ ಹಾಕಿದ್ದಾರೆ. ನನಗೆ ಹೇಳಿದ್ದು ಮಾತ್ರ "ಲೆಟರ್ಸ್ ಎಲ್ಲ ಬಂದಿದೆ ಮೇಡಂ" ಅಂತ. ರೆಸ್ಯೂಮೆಯಲ್ಲಿ ನನ್ನ ಸ್ವಂತ ಮೇಲ್ ಇದ್ದದ್ದರಿಂದ ವಿಶ್ವವಿದ್ಯಾಲಯದವರು ಅದಕ್ಕೂ ಬರೆದರು. ಇಲ್ಲದಿದ್ದರೆ ನನಗೆ ಇದು ಗೊತ್ತೇ ಆಗುತ್ತಿರಲಿಲ್ಲ.

ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಸರ್‌ಗೆ ಫೋನ್ ಮಾಡಿದೆ. ನೀವು ಪತ್ರ ಕಳಿಸಿದ್ರಾ ಸರ್ ಅಂತ ಕೇಳಿದೆ. "ನನಗೆ ಯಾವ ಮೇಲೂ ಬಂದಿಲ್ಲಮ್ಮ. ನೀನು ಒಂದು ಮಾತು ಹೇಳಿದ್ದರೆ ಅವತ್ತೇ ಕೂತು ಬರೆದುಕೊಡ್ತಿದ್ದೆನಲ್ಲ" ಅಂದರು. ಬಿಎಯಿಂದ ಬಂದ ಹುಡುಗಿಗೆ ಸಂಖ್ಯಾಶಾಸ್ತ್ರ ಅರ್ಥ ಆಗಲಿ ಅಂತ ಶನಿವಾರಗಳಲ್ಲಿ ಬಿಡುವು ಮಾಡಿಕೊಂಡು ಹೇಳಿಕೊಟ್ಟವರು ಅವರು. ಅವರ ಹೆಸರಲ್ಲಿ ಸುಳ್ಳು ಪತ್ರ ಹೋಗಿದೆ ಅಂತ ಅವರಿಗೆ ಹೇಳುವಾಗ ನನಗೆ ಮಾತು ಹೊರಡಲಿಲ್ಲ.

ಕನ್ಸಲ್ಟೆನ್ಸಿಗೆ ಕೇಳಿದರೆ "ಎಲ್ಲರಿಗೂ ಹೀಗೇ ಮಾಡೋದು" ಅಂದರು. ಆದರೆ ಅರ್ಜಿಯ ಕೊನೆಯಲ್ಲಿ ಒಂದು ಘೋಷಣೆ ಇರುತ್ತದೆ. ಇದರಲ್ಲಿರುವುದೆಲ್ಲ ನಿಜ, ನಾನೇ ಬರೆದದ್ದು ಅಂತ. ಅದರ ಕೆಳಗೆ ಇರುವುದು ನಿಮ್ಮ ಹೆಸರು, ಕನ್ಸಲ್ಟೆನ್ಸಿಯ ಹೆಸರಲ್ಲ. ಸುಳ್ಳು ಅಂತ ಗೊತ್ತಾದರೆ ಅರ್ಜಿ ತಳ್ಳಿಹಾಕಬಹುದು, ಕೊಟ್ಟ ಸೀಟು ವಾಪಸ್ ತಗೋಬಹುದು, ಸೇರಿದ ಮೇಲೆ ಗೊತ್ತಾದರೂ ಹೊರಗೆ ಕಳಿಸಬಹುದು. ಕನ್ಸಲ್ಟೆನ್ಸಿಗೆ ಏನೂ ಆಗುವುದಿಲ್ಲ.

ನಾನು ನಡೆದದ್ದನ್ನು ನಡೆದ ಹಾಗೇ ಬರೆದು ಕಳಿಸಿದೆ. ಅವರು ಅರ್ಜಿ ಮುಚ್ಚಿದರು. ಉಳಿದ ಐದು ಕಡೆಗೂ ನಾನೇ ಬರೆದು ವಾಪಸ್ ತೆಗೆದುಕೊಂಡೆ. ಅದರಲ್ಲಿ ಒಂದು ಕಡೆ ಜನವರಿಯಲ್ಲೇ ಸೀಟು ಸಿಕ್ಕಿತ್ತು. "ಈ ವಾರವೇ ಕಟ್ಟಿ, ಇಲ್ಲಾಂದ್ರೆ ಹೋಗುತ್ತೆ" ಅಂತ ದಿನಾ ಫೋನ್ ಮಾಡಿ 500 ಡಾಲರ್ ಡೆಪಾಸಿಟ್ ಕಟ್ಟಿಸಿದ್ದರು. ಅದು ವಾಪಸ್ ಬರಲಿಲ್ಲ. ಪ್ಯಾಕೇಜ್, ಅರ್ಜಿ ಫೀಸು, ಟ್ರಾನ್ಸ್‌ಕ್ರಿಪ್ಟ್, ಡೆಪಾಸಿಟ್ ಎಲ್ಲ ಸೇರಿ ಒಂದು ಮುಕ್ಕಾಲು ಲಕ್ಷದ ಹತ್ತಿರ ಹೋಯಿತು. ಅದರಲ್ಲಿ ಒಂದು ಲಕ್ಷ ನಮ್ಮಮ್ಮ ಎತ್ತಿದ ಚೀಟಿ ದುಡ್ಡು.

ಅಷ್ಟು ಅವಸರ ಯಾಕಿತ್ತು ಅಂತ ಆಮೇಲೆ ತಿಳಿಯಿತು. ಕೆಲವು ವಿಶ್ವವಿದ್ಯಾಲಯಗಳು ಸೇರಿಸಿಕೊಟ್ಟ ಪ್ರತಿ ವಿದ್ಯಾರ್ಥಿಗೂ ಏಜೆಂಟರಿಗೆ ಕಮಿಷನ್ ಕೊಡುತ್ತವೆ. ಅಮೆರಿಕದಲ್ಲಿ ಸರ್ಕಾರದ ವಿದ್ಯಾರ್ಥಿ ನೆರವು ಪಡೆಯುವ ಕಾಲೇಜುಗಳು ತಮ್ಮ ದೇಶದ ಮಕ್ಕಳನ್ನು ಹೀಗೆ ತಲೆಗಿಷ್ಟು ಅಂತ ಕೊಟ್ಟು ಸೇರಿಸಿಕೊಳ್ಳುವಂತಿಲ್ಲ, 1992ರಿಂದಲೇ ಕಾನೂನಿನಲ್ಲಿ ನಿಷೇಧ ಇದೆ. ಆ ನೆರವು ಸಿಗದ, ಹೊರದೇಶದಲ್ಲಿರುವ ನಮ್ಮಂಥವರ ವಿಷಯದಲ್ಲಿ ಮಾತ್ರ ವಿನಾಯಿತಿ. ಅವರ ಮಕ್ಕಳಿಗೆ ಕೆಟ್ಟದ್ದು ಅನ್ನಿಸಿದ್ದು ನಮ್ಮ ಮಕ್ಕಳಿಗೆ ಹೇಗೆ ಸರಿ ಅನ್ನಿಸಿತೋ! ನನಗೆ ಕೊಟ್ಟ ಆರರ ಪಟ್ಟಿಯಲ್ಲಿ ನಾಲ್ಕು ಅವರ ಪಾರ್ಟ್‌ನರ್‌ಗಳೇ. ವಿದ್ಯಾರ್ಥಿವೇತನ ಕೊಡುವ ಕಡೆಯ ಹೆಸರು ಒಂದೂ ಇರಲಿಲ್ಲ. ಪ್ರಿನ್ಸ್‌ಟನ್ ತನ್ನ ಎಂಪಿಎ ವಿದ್ಯಾರ್ಥಿಗಳ ಪೂರ್ತಿ ಟ್ಯೂಷನ್ ಫೀಸು ತಾನೇ ಭರಿಸುತ್ತದೆ ಅನ್ನುವುದನ್ನು ನನಗೆ ಯಾರೂ ಹೇಳಲಿಲ್ಲ. ಸಿಗುವುದು ಕಷ್ಟ, ನಿಜ. ಆದರೆ ಹೇಳಬೇಕಿತ್ತು ಅಲ್ವಾ? ಫುಲ್‌ಬ್ರೈಟ್-ನೆಹರೂ ಮಾಸ್ಟರ್ಸ್ ಫೆಲೋಶಿಪ್‌ಗೆ ಮೂರು ವರ್ಷದ ಕೆಲಸದ ಅನುಭವ ಬೇಕಿತ್ತು, ವಿಷಯಗಳ ಪಟ್ಟಿಯಲ್ಲಿ ಸಾರ್ವಜನಿಕ ಆಡಳಿತವೂ ಇತ್ತು, ನನಗೆ ನಾಲ್ಕು ವರ್ಷದ ಅನುಭವ ಇತ್ತು. ಅದರ ಅರ್ಜಿಗೆ ಮೇ ತಿಂಗಳವರೆಗೆ ಸಮಯ ಇತ್ತು, ನಾನು ಕನ್ಸಲ್ಟೆನ್ಸಿಯಲ್ಲಿ ಕೂತಿದ್ದು ಏಪ್ರಿಲ್‌ನಲ್ಲಿ. ಬ್ರಿಟನ್‌ನಲ್ಲಿ ಒಂದು ವರ್ಷದ ಕೋರ್ಸಿಗೆ ಚೀವ್ನಿಂಗ್ ವಿದ್ಯಾರ್ಥಿವೇತನ ಇದೆ, ಅದಕ್ಕೆ 2,800 ಗಂಟೆ, ಅಂದರೆ ಸುಮಾರು ಎರಡು ವರ್ಷದ ಕೆಲಸದ ಅನುಭವ ಸಾಕು. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲೇ 2014ರಿಂದ ಎಂಪಿಪಿ ಇದೆ. ಇವು ಯಾವುದರಲ್ಲೂ ಏಜೆಂಟರಿಗೆ ಲಾಭ ಇಲ್ಲ.

ಸಿಐಪಿ ಕೋಡ್ ಅಂತ ಒಂದಿದೆ, ಅದನ್ನು ಡೆಪಾಸಿಟ್ ಕಟ್ಟುವ ಮೊದಲು ಕೇಳಲೇಬೇಕು. ಅಮೆರಿಕದಲ್ಲಿ ಪ್ರತಿ ಕೋರ್ಸಿಗೂ ಒಂದು ಸರ್ಕಾರಿ ಸಂಖ್ಯೆ ಇರುತ್ತದೆ. ಓದು ಮುಗಿದ ಮೇಲೆ ಒಪಿಟಿ ಅಂತ 12 ತಿಂಗಳು ಅಲ್ಲಿ ಕೆಲಸ ಮಾಡಬಹುದು. ಕೋರ್ಸು ಸ್ಟೆಮ್ (ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ) ಪಟ್ಟಿಯಲ್ಲಿದ್ದರೆ ಮಾತ್ರ ಇನ್ನೂ 24 ತಿಂಗಳು. ಸಾರ್ವಜನಿಕ ಆಡಳಿತದ ಸಾಮಾನ್ಯ ಕೋಡ್ 44.0401, ಅದು ಆ ಪಟ್ಟಿಯಲ್ಲಿಲ್ಲ. ಅಂಕಿಅಂಶ ಜಾಸ್ತಿ ಇರುವ ಕೆಲವು ಎಂಪಿಪಿ ಕೋರ್ಸುಗಳು ಬೇರೆ ಕೋಡಿನಲ್ಲಿದ್ದು ಸ್ಟೆಮ್ ಆಗಿರುತ್ತವೆ. ನನಗೆ "ಮೂರು ವರ್ಷ ಕೆಲಸ ಮಾಡಬಹುದು" ಅಂದಿದ್ದರು. ಡೆಪಾಸಿಟ್ ಕಟ್ಟಿದ ವಿಭಾಗಕ್ಕೆ ನಾನೇ ಮೇಲ್ ಮಾಡಿ ಕೇಳಿದರೆ ಎರಡೇ ದಿನದಲ್ಲಿ ಉತ್ತರ ಬಂತು: 44.0401. ಅಲ್ಲಿನ ಕೇಂದ್ರ ಸರ್ಕಾರದ ಕೆಲಸಗಳು ಬಹುತೇಕ ಅವರ ನಾಗರಿಕರಿಗೇ ಮೀಸಲು. ಮನೆ ಅಡ ಇಟ್ಟು ಲೋನ್ ಮಾಡಿ ಹೋಗಿದ್ದರೆ ಒಂದೇ ವರ್ಷದಲ್ಲಿ ಕೆಲಸ ಹುಡುಕಿ ತೀರಿಸುವುದು ಹೇಗೆ ಅಂತ ನೆನೆದರೆ ಈಗಲೂ ಎದೆ ಢವಢವ ಅನ್ನುತ್ತದೆ.

ಬರೀ ಮೂರು ವರ್ಷದ ಬಿಎ ಇರುವವರು ಇನ್ನೊಂದನ್ನೂ ನೋಡಿಕೊಳ್ಳಿ. ಅಮೆರಿಕದ ಎಷ್ಟೋ ಕಡೆ ನಾಲ್ಕು ವರ್ಷದ ಪದವಿ ಕೇಳುತ್ತಾರೆ. ನಮ್ಮ ರಾಜ್ಯದಲ್ಲಿ 2024ರಲ್ಲಿ ಮತ್ತೆ ಮೂರು ವರ್ಷಕ್ಕೇ ಬಂದಿದೆ. ಫೀಸು ಕಟ್ಟುವ ಮೊದಲೇ ವಿಭಾಗಕ್ಕೆ ಒಂದು ಮೇಲ್ ಹಾಕಿ ಕೇಳಿ, ಅವರು ಉತ್ತರ ಕೊಡುತ್ತಾರೆ. ವಿದ್ಯಾರ್ಥಿವೇತನ, ಅಸಿಸ್ಟೆಂಟ್‌ಶಿಪ್ ಜೊತೆ ಸೀಟು ಬಂದರೆ ಏಪ್ರಿಲ್ 15ರವರೆಗೆ ಯೋಚಿಸಲು ಸಮಯ ಕೊಡುತ್ತೇವೆ ಅಂತ ಅಲ್ಲಿನ ತುಂಬಾ ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡಿವೆ. "ಈ ವಾರವೇ" ಅನ್ನುವವರಿಗೆ ಅದನ್ನು ತೋರಿಸಿ.

ಈ ಸಲ ನಾನು ಎರಡೇ ಕಡೆ ಅರ್ಜಿ ಹಾಕುತ್ತಿದ್ದೇನೆ. ಎಸ್‌ಒಪಿ ಕಾಯಕ ಬಂಧುವಿನಿಂದಲೇ ಶುರುವಾಗುತ್ತದೆ. ಇಂಗ್ಲಿಷ್ ಅಷ್ಟೇನೂ ನುಣುಪಾಗಿಲ್ಲ. ಸರ್‌ಗೆ ಲಿಂಕ್ ಬಂದ ದಿನ ಅವರೇ ಫೋನ್ ಮಾಡಿ "ಬಂತಮ್ಮ, ಈಗಲೇ ಬರೀತೀನಿ" ಅಂದರು.

ನಿಮ್ಮಲ್ಲಿ ಯಾರಾದರೂ ಈಗಾಗಲೇ ಎಲ್ಲಾದರೂ ದುಡ್ಡು ಕಟ್ಟಿ, ಪಾಸ್‌ವರ್ಡ್ ಅವರ ಕೈಗೆ ಕೊಟ್ಟಿದ್ದರೆ ಇವತ್ತೇ ಕೇಳಿ ತಗೊಳ್ಳಿ. ಕೊಡದಿದ್ದರೆ ವಿಶ್ವವಿದ್ಯಾಲಯಕ್ಕೆ ನಿಮ್ಮ ಸ್ವಂತ ಮೇಲ್‌ನಿಂದ ಬರೆಯಿರಿ. ಒಳಗೆ ಹೋಗಿ ನಿಮ್ಮ ಎಸ್‌ಒಪಿ ಓದಿ, ಶಿಫಾರಸು ಮಾಡಿದವರ ಮೇಲ್ ಐಡಿ ನಿಜವಾಗಿ ಅವರದ್ದೇನಾ ಅಂತ ಅವರಿಗೇ ಫೋನ್ ಮಾಡಿ ಕೇಳಿ. ತುಂಬಾ ಅರ್ಜಿಗಳು ಡಿಸೆಂಬರ್, ಜನವರಿಯಲ್ಲಿ ಮುಚ್ಚುತ್ತವೆ. ಅರ್ಜಿ ಸಬ್ಮಿಟ್ ಆಗುವ ಮೊದಲೇ ತಿದ್ದಿಕೊಳ್ಳಿ.