ಬೀಗ ಹಾಕಿದ ಕೋಣೆ, ಹಾಕದ ಕೋಣೆ

ಕಡಿಮೆ ಖರ್ಚಿನ ಐದು ವಿಜ್ಞಾನ ಸಿನೆಮಾಗಳಲ್ಲಿ ಯಾವುದನ್ನು ನೋಡಬೇಕು? ಮೊದಲೇ ಹೇಳಿಬಿಡುತ್ತೇನೆ, ನನ್ನ ವೋಟು ‘ದ ಮ್ಯಾನ್ ಫ್ರಮ್ ಅರ್ಥ್’ಗೆ. ಉಳಿದ ನಾಲ್ಕನ್ನೂ, ಅಂದರೆ ‘ಫರ್ಮಾಸ್ ರೂಮ್’, ‘ಕ್ಯೂಬ್’, ‘ಕೋಹಿರೆನ್ಸ್’, ‘ಪ್ರೈಮರ್’, ನೋಡಿದ್ದೇನೆ. ಅದರಲ್ಲಿ ಒಂದನ್ನು ದುಡ್ಡು ಕೊಟ್ಟು ಅರ್ಧಕ್ಕೇ ಬಿಡಬೇಕಾಯಿತು, ಆ ಕತೆ ಆಮೇಲೆ ಬರುತ್ತದೆ. ಒಂದೇ ಕೋಣೆ, ಓದಿದ ನಾಲ್ಕಾರು ಜನ, ಜೇಬಿನಲ್ಲಿ ಕಾಸಿಲ್ಲದ ನಿರ್ದೇಶಕ. ಈ ಜಾತಿಯ ವಿಜ್ಞಾನ ಸಿನೆಮಾ ಯಾವುದು ನೋಡಲಿ ಅಂತ ಕೇಳಿದವರಿಗೆ ನಾನು ಹೇಳುವ ಹೆಸರು ಅದೊಂದೇ.

ನಮ್ಮ ಶಿರಸಿ ಕಡೆ ಆಷಾಢ ಅಂದರೆ ಗೊತ್ತಲ್ಲ. ಅಡಿಕೆ ತೋಟಕ್ಕೆ ಕೊಳೆರೋಗದ ಔಷಧಿ ಹೊಡೆಯಲೂ ಮಳೆ ಬಿಡುವು ಕೊಡುವುದಿಲ್ಲ. ದಿನವಿಡೀ ಮನೆಯೊಳಗೇ ಕೂತವರಿಗೆ ಕೋಣೆಯೊಳಗೆ ಸಿಕ್ಕಿಬಿದ್ದವರ ಕತೆ ಯಾಕೆ ಬೇಕು ಅಂತ ನನ್ನ ಹೆಂಡತಿ ಕೇಳುತ್ತಾಳೆ. ಕಾರಣ ಸರಳ. ದೊಡ್ಡ ಸಿನೆಮಾದ ಬಾಹ್ಯಾಕಾಶ ಯುದ್ಧ ನಮ್ಮ ಹಳೇ ಟಿವಿಯಲ್ಲಿ ರುಚಿಸುವುದಿಲ್ಲ. ಮಾಡಿನ ತಗಡಿನ ಮೇಲೆ ಮಳೆ ಬೀಳತೊಡಗಿದರೆ ಯಾವ ಬಾಂಬೂ ಕೇಳುವುದಿಲ್ಲ. ನಾಲ್ಕು ಜನ ಕೂತು ಮಾತಾಡುವ ಸಿನೆಮಾ ಆದರೆ ಸಬ್‌ಟೈಟಲ್ ಓದಿಕೊಂಡಾದರೂ ಕತೆ ಹಿಡಿಯಬಹುದು.

‘ಫರ್ಮಾಸ್ ರೂಮ್’ನಿಂದ ಶುರು ಮಾಡುತ್ತೇನೆ, ಮನೆಯಲ್ಲಿ ಜಗಳ ಆದದ್ದು ಅದರ ಮೇಲೇ. 2007ರ ಸ್ಪ್ಯಾನಿಷ್ ಚಿತ್ರ. ಗಣಿತ ಬಲ್ಲ ಕೆಲವರಿಗೆ ಊಟದ ಆಹ್ವಾನ ಬರುತ್ತದೆ. ಯಾರೂ ಅಸಲಿ ಹೆಸರು ಹೇಳುವಂತಿಲ್ಲ. ಹಿಲ್ಬರ್ಟ್, ಪಾಸ್ಕಲ್, ಗಾಲ್ವಾ, ಒಲಿವಾ ಅಂತ ಒಬ್ಬೊಬ್ಬರಿಗೆ ಒಂದೊಂದು ಹೆಸರು ಕೊಟ್ಟಿರುತ್ತಾರೆ. ಅವರನ್ನು ಎದುರುಗೊಂಡ ‘ಫರ್ಮಾ’ ಊಟದ ನಡುವೆ ಎದ್ದು ಹೋಗುತ್ತಾನೆ. ಬಾಗಿಲು ಮುಚ್ಚಿಕೊಳ್ಳುತ್ತದೆ. ಅಂಗೈಯಗಲದ ಒಂದು ಯಂತ್ರದಲ್ಲಿ ಲೆಕ್ಕಗಳು ಬರತೊಡಗುತ್ತವೆ. ಒಂದು ನಿಮಿಷದೊಳಗೆ ಉತ್ತರ ಕಳಿಸದಿದ್ದರೆ ಗೋಡೆಗಳು ಒಳಕ್ಕೆ ಸರಿಯುತ್ತವೆ. ಹೊರಗಿನಿಂದ ಹೈಡ್ರಾಲಿಕ್ ಪ್ರೆಸ್ಸುಗಳು ತಳ್ಳುತ್ತಿರುತ್ತವೆ.

ಈ ಕೋಣೆಗೆ ಮಾತ್ರ ಪೂರ್ತಿ ಅಂಕ ಕೊಡಬೇಕು. ಮೊದಲು ಅಗಲವಾಗಿ, ಆರಾಮಾಗಿ ಇದ್ದ ಜಾಗ ಬರಬರುತ್ತಾ ನಾಲ್ಕು ಜನ ಉಸಿರು ಬಿಡಲೂ ಸಾಲದಷ್ಟಾಗುತ್ತದೆ. ಕಂಪ್ಯೂಟರ್ ಚಮತ್ಕಾರ ತೋರಿಸಿ ಹೆದರಿಸುವುದಿಲ್ಲ. ಮರ ಮುರಿಯುವ ಸದ್ದು ಸಾಕು.

ತೊಂದರೆ ಇರುವುದು ಲೆಕ್ಕಗಳಲ್ಲಿ. ಕುಮಟೆಯಲ್ಲಿ ಗಣಿತ ಕಲಿಸುವ ನಮ್ಮ ಭಾವ ಆವತ್ತು ಬಂದಿದ್ದ. ಮೊದಲ ಲೆಕ್ಕ ಮಿಠಾಯಿ ಡಬ್ಬಿಯದ್ದು. ಮೂರು ಡಬ್ಬಿ. ಒಂದರಲ್ಲಿ ಪೆಪ್ಪರಮೆಂಟು, ಒಂದರಲ್ಲಿ ಸೋಂಪಿನ ಮಿಠಾಯಿ, ಇನ್ನೊಂದರಲ್ಲಿ ಎರಡೂ ಬೆರೆತದ್ದು. ಮೂರಕ್ಕೂ ಅಂಟಿಸಿದ ಚೀಟಿ ತಪ್ಪು. ಎಷ್ಟು ಮಿಠಾಯಿ ತೆಗೆದು ನೋಡಿದರೆ ಯಾವುದರಲ್ಲಿ ಏನಿದೆ ಅಂತ ಗೊತ್ತಾಗುತ್ತದೆ? ಭಾವ ಹಪ್ಪಳ ಮುರಿಯುತ್ತಾ, ತಲೆ ಎತ್ತದೆ, “ಒಂದೇ” ಅಂದ. ‘ಬೆರೆತದ್ದು’ ಅಂತ ಚೀಟಿ ಇರುವ ಡಬ್ಬಿಯಿಂದ ಒಂದನ್ನು ತೆಗೆದರೆ ಸಾಕು. ಚೀಟಿ ತಪ್ಪು ಅಂತ ಗೊತ್ತೇ ಇರುವುದರಿಂದ ಸಿಕ್ಕಿದ್ದು ಪೆಪ್ಪರಮೆಂಟಾದರೆ ಡಬ್ಬಿಯೆಲ್ಲ ಪೆಪ್ಪರಮೆಂಟೇ. ಉಳಿದ ಎರಡು ತಾನಾಗಿ ತಿಳಿಯುತ್ತವೆ. ಪರದೆ ಮೇಲಿನ ಪಂಡಿತರು ಇನ್ನೂ ಬೆವರು ಒರೆಸಿಕೊಳ್ಳುತ್ತಿದ್ದರು.

ಆಮೇಲೆ ಬಂತು ಒಂದು ಬಲ್ಬು, ಮೂರು ಸ್ವಿಚ್ಚು. ಇದನ್ನು ಕೇಳದ ಹೈಸ್ಕೂಲ್ ಹುಡುಗ ನಮ್ಮ ಜಿಲ್ಲೆಯಲ್ಲಿ ಇದ್ದಾನಾ? ಒಂದು ಸ್ವಿಚ್ಚನ್ನು ಸ್ವಲ್ಪ ಹೊತ್ತು ಹಾಕಿಟ್ಟು, ಆರಿಸಿ, ಇನ್ನೊಂದನ್ನು ಹಾಕಿ, ಒಳಗೆ ಹೋಗಿ ಬಲ್ಬು ಮುಟ್ಟಿ ನೋಡುವುದು. ಎಲ್‌ಇಡಿ ಬಲ್ಬು ಬಂದ ಮೇಲೆ ಅದೂ ಅಷ್ಟು ಸಲೀಸಲ್ಲ ಬಿಡಿ. ಯುರೋಪಿನ ದೊಡ್ಡ ಗಣಿತಜ್ಞರು ಪ್ರಾಣ ಹೋಗುವ ಹೊತ್ತಿಗೆ ಇದಕ್ಕೆ ತಡವರಿಸುತ್ತಾರೆ ಅಂದರೆ ನಂಬುವುದು ಹೇಗೆ?

ಇದಕ್ಕಿಂತ ದೊಡ್ಡ ಕಿರಿಕಿರಿ ರಿಮೋಟಿನದ್ದು. ಸಬ್‌ಟೈಟಲ್ ಓದಿ ಮುಗಿಸುವುದರೊಳಗೆ ಮಾಯವಾಗುತ್ತದೆ. “ತಡಿ, ನಿಲ್ಸು” ಅಂತ ಒಬ್ಬರು ಕೂಗುತ್ತಾರೆ. ನಾಲ್ಕು ನಿಮಿಷದ್ದೊಂದು, ಏಳು ನಿಮಿಷದ್ದೊಂದು ಮರಳು ಗಡಿಯಾರ ಇಟ್ಟುಕೊಂಡು ಒಂಬತ್ತು ನಿಮಿಷ ಅಳೆಯಬೇಕು ಎಂಬ ಲೆಕ್ಕ ಬಂತು. ಭಾವ ಸಿನೆಮಾ ನಿಲ್ಲಿಸಿದ. ಎರಡನ್ನೂ ಒಟ್ಟಿಗೆ ಮಗುಚು. ನಾಲ್ಕರದ್ದು ಮುಗಿದಾಗ ಅದನ್ನು ಮಗುಚು. ಏಳರದ್ದು ಮುಗಿದಾಗ ಅದನ್ನೂ ಮಗುಚು. ಎಂಟನೇ ನಿಮಿಷಕ್ಕೆ ನಾಲ್ಕರದ್ದು ಮತ್ತೆ ಮುಗಿಯುತ್ತದೆ, ಆಗ ಏಳರದ್ದರ ತಳದಲ್ಲಿ ಇರುವುದು ಒಂದೇ ನಿಮಿಷದ ಮರಳು, ಅದನ್ನು ಮಗುಚಿದರೆ ಒಂಬತ್ತು. ಇದನ್ನು ಕಷಾಯದ ಲೋಟ ಮಗುಚಿ ತೋರಿಸಿದ. ನಮ್ಮ ಆಯಿಗೆ, ಅಂದರೆ ಅಮ್ಮನಿಗೆ, ಅರ್ಥವಾಗಲಿಲ್ಲ, ಮತ್ತೆ ಮೊದಲಿಂದ ಹೇಳಿದ. ಅಷ್ಟರಲ್ಲಿ ಗೋಡೆ ಸರಿಯುವ ಭಯ ಎಲ್ಲಿ ಉಳಿಯಿತು? ಒಂದೂವರೆ ಗಂಟೆಯ ಸಿನೆಮಾ ರಾತ್ರಿ ಊಟ ದಾಟಿ ಹೋಯಿತು. ಕೊನೆಗೆ ಆಯಿಯೇ ಕೇಳಿದಳು, “ಇಷ್ಟ್ ಜನ ಇದ್ದು ಬಾಗ್ಲು ಒಡೆಯಲೆ ಬತ್ತಿಲ್ಯ ಇವಕ್ಕೆ?”

ಲೆಕ್ಕಗಳನ್ನು ಮರೆತು ನೋಡಿದರೆ ಒಳಗೆ ಒಳ್ಳೆಯ ಕತೆ ಇದೆ. ಗೋಲ್ಡ್‌ಬಾಕ್ ಊಹೆಯ ಸುತ್ತ ನಡೆಯುತ್ತದೆ. ಎರಡಕ್ಕಿಂತ ದೊಡ್ಡ ಯಾವ ಸಮಸಂಖ್ಯೆಯನ್ನಾದರೂ ಎರಡು ಅವಿಭಾಜ್ಯ ಸಂಖ್ಯೆಗಳ ಮೊತ್ತವಾಗಿ ಬರೆಯಬಹುದು ಅಂತ. 10 ಅಂದರೆ 3 ಮತ್ತು 7, 28 ಅಂದರೆ 5 ಮತ್ತು 23. 1742ರಲ್ಲಿ ಗೋಲ್ಡ್‌ಬಾಕ್ ಮತ್ತು ಆಯ್ಲರ್ ಎಂಬ ಗಣಿತಜ್ಞರ ನಡುವಿನ ಪತ್ರಗಳಲ್ಲಿ ಹುಟ್ಟಿದ ಪ್ರಶ್ನೆ, ಇವತ್ತಿಗೂ ಯಾರೂ ಸಾಧಿಸಿಲ್ಲ. ಅದನ್ನು ಸಾಧಿಸಿದೆ ಅಂತ ಒಬ್ಬ ಚಿಕ್ಕ ಹುಡುಗ ಹೇಳಿಕೊಂಡರೆ, ಜೀವಮಾನವಿಡೀ ಅದರ ಹಿಂದೆ ಬಿದ್ದವನಿಗೆ ಹೇಗಾಗಬೇಡ? ಗೋಡೆಗಿಂತ ಇದೇ ಹೆಚ್ಚು ಒತ್ತುತ್ತದೆ. ಆದರೆ ಈ ಭಾಗಕ್ಕೆ ಸಿನೆಮಾ ಕೊಟ್ಟ ಜಾಗ ಕಡಿಮೆ.

‘ಕ್ಯೂಬ್’ 1997ರದ್ದು, ಕೆನಡಾದ್ದು. ವಿಂಚೆಂಜೊ ನತಾಲಿ ನಿರ್ದೇಶಕ. ಇದರಲ್ಲಿ ನಿಜವಾದ ವಿಜ್ಞಾನಿ ಯಾರೂ ಇಲ್ಲ, ಗಣಿತ ಓದುವ ಹುಡುಗಿ ಒಬ್ಬಳು, ಡಾಕ್ಟರ್ ಒಬ್ಬಳು ಇದ್ದಾರೆ. ಸಾವಿರಾರು ಕೋಣೆಗಳ ಬಲೆ ಅಂತ ತೋರಿಸುತ್ತಾರಲ್ಲ, ಅಸಲಿಗೆ ಪೂರ್ತಿ ಕಟ್ಟಿದ್ದು ಒಂದೇ ಕೋಣೆ, ಹದಿನಾಲ್ಕು ಅಡಿ ಉದ್ದಗಲದ್ದು. ಗೋಡೆಯ ಬಣ್ಣ ಬದಲಿಸಿ ಬದಲಿಸಿ ಅದನ್ನೇ ಇನ್ನೊಂದು, ಮತ್ತೊಂದು ಅಂತ ನಂಬಿಸಿದರು. ಕಾಸಿಲ್ಲದಾಗ ಬುದ್ಧಿ ಓಡುವುದು ಅಂದರೆ ಇದು. ಕೋಣೆಗಳ ನಡುವಿನ ಬಾಗಿಲ ಬಳಿ ಮೂರಂಕಿಯ ಸಂಖ್ಯೆಗಳು ಕೆತ್ತಿರುತ್ತವೆ, ಅವನ್ನು ಓದಿ ಯಾವ ಕೋಣೆಯಲ್ಲಿ ಕೊಲ್ಲುವ ಯಂತ್ರ ಇದೆ ಅಂತ ಕಂಡುಹಿಡಿಯಬೇಕು. ಆ ಸಂಖ್ಯೆಗಳನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವುದು ಮನುಷ್ಯರಿಂದ ಆಗದ ಕೆಲಸ ಅಂತ ಒಂದು ಹಂತದಲ್ಲಿ ಹುಡುಗಿ ಕೈಚೆಲ್ಲುತ್ತಾಳೆ. ಮೂರಂಕಿಯ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ನೋಡಲು 31ರವರೆಗಿನ ಅವಿಭಾಜ್ಯಗಳಿಂದ ಭಾಗಿಸಿದರೆ ಮುಗಿಯಿತು, ಭಾವನ ಮಕ್ಕಳೂ ಮಾಡುತ್ತಾರೆ. ರಕ್ತ ಜಾಸ್ತಿ. ಆಯಿ ಎದುರು ಹಾಕುವ ಹಾಗಿಲ್ಲ.

‘ಕೋಹಿರೆನ್ಸ್’ ದುಡ್ಡು ತಿಂದ ಸಿನೆಮಾ. ಒಂದು ಆ್ಯಪ್‌ನಲ್ಲಿ ಬಾಡಿಗೆಗೆ ತೆಗೆದುಕೊಂಡೆ. ಒಮ್ಮೆ ಶುರು ಮಾಡಿದರೆ 48 ಗಂಟೆಯೊಳಗೆ ಮುಗಿಸಬೇಕು. ಈ ನಿಯಮ ಮಾಡಿದವರು ಮಳೆಗಾಲದಲ್ಲಿ ಶಿರಸಿ ಸೀಮೆಯ ಹಳ್ಳಿಗೆ ಬಂದಿಲ್ಲ. ಸಿನೆಮಾದೊಳಗೆ ಧೂಮಕೇತು ಹಾದುಹೋಗುವ ರಾತ್ರಿ, ಊಟಕ್ಕೆ ಸೇರಿದ ಎಂಟು ಸ್ನೇಹಿತರ ಮನೆಯಲ್ಲಿ ಕರೆಂಟ್ ಹೋಯಿತು. ಸ್ವಲ್ಪ ಹೊತ್ತಿಗೆ ನಮ್ಮ ಮನೆಯಲ್ಲೂ ಹೋಯಿತು. ಅವರಲ್ಲಿ ಬೇಗ ಬಂತು. ನಮ್ಮಲ್ಲಿ ಲೈನಿನ ಮೇಲೆ ಮರ ಬಿದ್ದಿತ್ತು. ಕರೆಂಟ್ ಬರುವಷ್ಟರಲ್ಲಿ ಬಾಡಿಗೆಯ ಗಡುವು ಮುಗಿದಿತ್ತು. ಮತ್ತೆ ದುಡ್ಡು ಕಟ್ಟಿಯೇ ಉಳಿದರ್ಧ ನೋಡಿದ್ದು.

ಹಾಗಂತ ಸಿನೆಮಾ ಕೆಟ್ಟದ್ದು ಅಂತ ಹೇಳಿದರೆ ಅನ್ಯಾಯ. ಜೇಮ್ಸ್ ವಾರ್ಡ್ ಬರ್ಕಿಟ್ ತನ್ನ ಮನೆಯಲ್ಲೇ, ಐದು ರಾತ್ರಿಯಲ್ಲಿ, ಸುಮಾರು 50 ಸಾವಿರ ಡಾಲರಿನಲ್ಲಿ ಇದನ್ನು ಮುಗಿಸಿದ. 2013ರಲ್ಲಿ ಬಂತು. ನಟರ ಕೈಗೆ ಸಂಭಾಷಣೆಯ ಪ್ರತಿ ಕೊಟ್ಟಿರಲಿಲ್ಲ. ಆಯಾ ದಿನ ಅವರವರ ಪಾತ್ರಕ್ಕೆ ಬೇಕಾದಷ್ಟನ್ನು ಚೀಟಿಯಲ್ಲಿ ಬರೆದು ಕೊಡುತ್ತಿದ್ದ. ಬೆಚ್ಚಿದವರು ನಿಜವಾಗಿ ಬೆಚ್ಚಿದಂತೆ ಕಾಣುವುದು ಅದಕ್ಕೇ. ಪಕ್ಕದ ಬೀದಿಯಲ್ಲಿ ಇನ್ನೊಂದು ಮನೆ, ಅದರೊಳಗೆ ಇವರೇ. ಯಾರು ಯಾವ ಮನೆಯವರು ಅಂತ ಗುರುತಿಗೆ ನೀಲಿ, ಕೆಂಪು ಹೊಳೆಯುವ ಕಡ್ಡಿಗಳು. ನಮ್ಮ ಟಿವಿಯಲ್ಲಿ ಅರ್ಧ ದೃಶ್ಯ ಬರೀ ಕತ್ತಲು. ಒಳ್ಳೆಯ ಪರದೆ, ಇನ್ವರ್ಟರ್ ಇದ್ದವರು ಇದನ್ನೇ ಎರಡನೆಯದಾಗಿ ನೋಡಿ.

‘ಪ್ರೈಮರ್’, 2004. ಶೇನ್ ಕರೂತ್ ಬರೆದು, ನಿರ್ದೇಶಿಸಿ, ನಟಿಸಿ, ಸಂಗೀತವನ್ನೂ ಮಾಡಿ 7 ಸಾವಿರ ಡಾಲರಿನಲ್ಲಿ ಮುಗಿಸಿದ್ದು. ಆಗಿನ ಲೆಕ್ಕಕ್ಕೆ ಮೂರು ಲಕ್ಷ ರೂಪಾಯಿ ಚಿಲ್ಲರೆ. ಗ್ಯಾರೇಜಿನಲ್ಲಿ ಇಬ್ಬರು ಎಂಜಿನಿಯರರು ಕಾಲಯಂತ್ರ ಕಟ್ಟುತ್ತಾರೆ. ಎಷ್ಟು ಗಂಟೆ ಹಿಂದಕ್ಕೆ ಹೋಗಬೇಕೋ ಅಷ್ಟು ಗಂಟೆ ಪೆಟ್ಟಿಗೆಯೊಳಗೆ ಮುದುಡಿಕೊಂಡಿರಬೇಕು. ಈ ಉಪಾಯ ಬಲು ಚೆಂದ. ಸಂಭಾಷಣೆ ಮಾತ್ರ ಒಬ್ಬರ ಮೇಲೊಬ್ಬರು ಗೊಣಗಿದಂತೆ. ಮಳೆ ಇಲ್ಲದಾಗ ನೋಡಿದರೂ ನನಗೆ ಕೊನೆ ಹತ್ತಲಿಲ್ಲ.

ಇನ್ನು ನನ್ನ ವೋಟಿನ ಸಿನೆಮಾ, ‘ದ ಮ್ಯಾನ್ ಫ್ರಮ್ ಅರ್ಥ್’. 2007ರದ್ದೇ, ನಿರ್ದೇಶಕ ರಿಚರ್ಡ್ ಶೆಂಕ್‌ಮನ್, ಖರ್ಚು ಸುಮಾರು 2 ಲಕ್ಷ ಡಾಲರು. ಬರೆದವನು ಜೆರೋಮ್ ಬಿಕ್ಸ್‌ಬಿ. 1998ರಲ್ಲಿ ಸಾಯುವ ಮುಂಚೆ ಹಾಸಿಗೆಯಲ್ಲಿ ಮಲಗಿಕೊಂಡೇ ಮಗನಿಗೆ ಹೇಳಿ ಬರೆಸಿ ಮುಗಿಸಿದ ಕತೆ. ಹತ್ತು ವರ್ಷ ಕಲಿಸಿದ ಪ್ರೊಫೆಸರ್ ಜಾನ್ ಓಲ್ಡ್‌ಮನ್ ದಿಢೀರನೆ ಕೆಲಸ ಬಿಟ್ಟು ಹೊರಟಿದ್ದಾನೆ. ಬೀಳ್ಕೊಡಲು ಸಹೋದ್ಯೋಗಿಗಳು ಮನೆಗೆ ಬರುತ್ತಾರೆ. ಜೀವಶಾಸ್ತ್ರದವ, ಮಾನವಶಾಸ್ತ್ರದವ, ಪುರಾತತ್ವದವ, ಆಮೇಲೆ ಮನೋವೈದ್ಯ. ಯಾಕೆ ಹೋಗುತ್ತೀಯಾ ಅಂತ ಕೆದಕುತ್ತಾರೆ. ಅವನು ಹೇಳುತ್ತಾನೆ: ನನಗೆ ಹದಿನಾಲ್ಕು ಸಾವಿರ ವರ್ಷ, ವಯಸ್ಸಾಗುವುದಿಲ್ಲ, ಜನರಿಗೆ ಅನುಮಾನ ಬರುವ ಮುಂಚೆ ಹತ್ತು ವರ್ಷಕ್ಕೊಮ್ಮೆ ಜಾಗ ಬದಲಿಸುತ್ತೇನೆ.

ಅಷ್ಟೇ. ಬೀಗ ಇಲ್ಲ, ಗೋಡೆ ಸರಿಯುವುದಿಲ್ಲ. ಬಾಗಿಲು ತೆಗೆದೇ ಇದೆ, ಹೊರಗೆ ಅವರವರ ಗಾಡಿ ನಿಂತಿವೆ. ಸಿಟ್ಟು ಬಂದವರು ಎದ್ದು ಹೋಗಬಹುದು, ಹೋಗಲು ಆಗುವುದಿಲ್ಲ. ಸಾಮಾನು ಸಾಗಿಸುವವರು ಬಂದು ಸೋಫಾವನ್ನೇ ಹೊತ್ತುಕೊಂಡು ಹೋಗುತ್ತಾರೆ, ಆದರೂ ಪ್ರೊಫೆಸರುಗಳು ಏಳುವುದಿಲ್ಲ, ಇದ್ದಲ್ಲೇ ಜಾಗ ಮಾಡಿಕೊಂಡು ಮಾತು ಮುಂದುವರಿಸುತ್ತಾರೆ.

ಇದು ನನಗೆ ಯಾಕೆ ಹಿಡಿಸಿತು ಅಂದರೆ, ಇದು ಅಪ್ಪಟ ತಾಳಮದ್ದಳೆ, ಅಂದರೆ ಕೂತಲ್ಲೇ ಮಾತಿನಲ್ಲಿ ನಡೆಸುವ ಯಕ್ಷಗಾನ. ಮಳೆಗಾಲಕ್ಕೆ ಬಯಲಾಟದ ಮೇಳ ನಿಂತ ಮೇಲೆ ನಮ್ಮ ಕಡೆ ಜಗಲಿಯಲ್ಲಿ ನಡೆಯುವುದೂ ಇದೇ. ವೇಷ ಇಲ್ಲ, ಕುಣಿತ ಇಲ್ಲ, ಶಾಲು ಹೊದ್ದು ಕೂತ ಅರ್ಥಧಾರಿಗಳು. ವಾಲಿವಧೆಯಲ್ಲಿ ಬಾಣ ತಾಗಿ ಬಿದ್ದ ವಾಲಿ ರಾಮನನ್ನು ಪ್ರಶ್ನೆ ಕೇಳತೊಡಗಿದರೆ ಅಡಿಕೆ ಕತ್ತರಿಸುವ ಕೈಯೂ ನಿಲ್ಲುತ್ತದೆ. ಮುಂದೇನು ಅಂತ ಎಲ್ಲರಿಗೂ ಗೊತ್ತು, ವಾಲಿ ಸಾಯುತ್ತಾನೆ. ಆದರೂ ರಾಮ ಈಗ ಏನು ಉತ್ತರ ಕೊಡುತ್ತಾನೆ ಎಂಬ ಕುತೂಹಲಕ್ಕೆ ಜನ ಕದಲುವುದಿಲ್ಲ. ಥ್ರಿಲ್ಲರ್ ಅಂದರೆ ನನ್ನ ಪಾಲಿಗೆ ಅದು.

ಜಾನ್ ಕೂಡ ಪ್ರಶ್ನೆಗಳಿಗೆ ಸುಲಭಕ್ಕೆ ಸಿಕ್ಕಿಹಾಕಿಕೊಳ್ಳುವುದಿಲ್ಲ. ಪುರಾತತ್ವದವನ ಎದುರಿಗೆ ಒಂದು ಕಲ್ಲಿನ ಉಳಿ ಇರುತ್ತದೆ. ಕೈಯಲ್ಲಿ ಹಿಡಿದು, ತಿರುಗಿಸಿ, ಇದು ಹಳೆಯದೇ ಅನ್ನುತ್ತಾನೆ. ಹಳೇ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿದ್ದು ಅಂತ ಜಾನ್ ತೇಲಿಸಿಬಿಡುತ್ತಾನೆ. ಅದೇ ಕಲ್ಲು ಸಾಕ್ಷಿ ಅಂತ ಬೇರೆ ಯಾರೇ ಆಗಲಿ ಮೇಜು ಕುಟ್ಟುತ್ತಿದ್ದರು. ನೀನು ಹೇಳುವುದೆಲ್ಲ ಪುಸ್ತಕದಲ್ಲಿ ಇದೆ, ಓದಿ ಹೇಳುತ್ತಿದ್ದೀಯಾ ಅನ್ನುತ್ತಾರೆ. ಹೌದು ಮತ್ತೆ, ಆಗ ಎಲ್ಲಿದ್ದೆ ಅಂತ ಅವನಿಗೂ ತಿಳಿದದ್ದು ಆಮೇಲೆ ಬಂದ ವಿದ್ಯೆಯಿಂದಲೇ. ಪುಸ್ತಕದಲ್ಲಿ ಇದ್ದರೆ ಓದಿದ್ದು, ಇಲ್ಲದಿದ್ದರೆ ಸುಳ್ಳು. ಯಾವ ಕಡೆಯಿಂದ ಹೊಕ್ಕರೂ ದಾರಿ ಇಲ್ಲ. ಮಾತು ಧರ್ಮಕ್ಕೆ ತಿರುಗಿದ ಮೇಲಂತೂ ಕೋಣೆಯ ಗಾಳಿಯೇ ಬೇರೆ. ಮನೋವೈದ್ಯ ಪಿಸ್ತೂಲು ತೆಗೆಯುವುದು ಸ್ವಲ್ಪ ಅತಿಯಾಯಿತು, ಮಾತೇ ಸಾಕಿತ್ತು.

ಕೊರತೆ ಇಲ್ಲ ಅಂತಲ್ಲ. ಸಣ್ಣ ವಿಡಿಯೋ ಕ್ಯಾಮರಾದಲ್ಲಿ ತೆಗೆದದ್ದು, ಚಿತ್ರ ಮಸುಕು. ಕೊನೆಯ ಹತ್ತು ನಿಮಿಷ ಎಲ್ಲವನ್ನೂ ಗಂಟು ಹಾಕುವ ಅವಸರ ಕಾಣುತ್ತದೆ. 2017ರಲ್ಲಿ ಇದರ ಎರಡನೇ ಭಾಗ ಬಂತು, ಅದನ್ನು ಸುಮ್ನೆ ಬಿಟ್ಟುಬಿಡಿ.

ನನ್ನ ಹಾಗೆ ಹಳೇ ಟಿವಿ, ತಗಡಿನ ಮಾಡು, ಹೇಳದೆ ಹೋಗುವ ಕರೆಂಟ್ ಇರುವವರು ಬಾಡಿಗೆಗೆ ಕೈ ಹಾಕಬೇಡಿ. ಸ್ವಲ್ಪ ಜಾಸ್ತಿ ಆದರೂ ಕೊಂಡುಬಿಡಿ, ಪೇಟೆಗೆ ಹೋದಾಗ ಫೋನಿಗೆ ಇಳಿಸಿಕೊಂಡು ಬನ್ನಿ. ಮಸುಕು ಚಿತ್ರ ಸಣ್ಣ ಪರದೆಯಲ್ಲಿ ಗೊತ್ತೂ ಆಗುವುದಿಲ್ಲ. ಅರ್ಧಕ್ಕೆ ನಿಲ್ಲಿಸಿ ಮರುದಿನ ಕೂತರೂ ವಾದ ಎಲ್ಲಿಗೆ ಬಂದಿತ್ತು ಅಂತ ನೆನಪಿರುತ್ತದೆ.

ಭಾವನಿಗೆ ಈಗಲೂ ‘ಫರ್ಮಾಸ್ ರೂಮ್’ ಅಂದರೇ ಪ್ರಾಣ. ಚೌತಿಗೆ ಬಂದಾಗ ಮತ್ತೆ ಹಾಕೋಣ ಅಂದಿದ್ದಾನೆ. ಹಾಕಲಿ, ರಿಮೋಟ್ ಮಾತ್ರ ನನ್ನ ಕೈಯಲ್ಲೇ ಇರುತ್ತದೆ.