ಒಂದೇ ಟಿಂಟಿನ್ನಿಡ್‌ನಿಂದ ಡಿಎನ್‌ಎ ತೆಗೆಯಲು ಚೆಲೆಕ್ಸ್-100: ಎಲ್ಲಿಗೆ ಸಾಕು, ಎಲ್ಲಿಗೆ ಸಾಲದು

ಸಮುದ್ರದಲ್ಲಿ ತೇಲುವ ಸಿಲಿಯೇಟ್‌ಗಳ (ಟಿಂಟಿನ್ನಿಡ್‌ನಂಥ, ರೋಮಗಳಿಂದ ಈಜುವ ಏಕಕೋಶ ಜೀವಿಗಳ) ವಂಶವೃಕ್ಷವನ್ನು ರೈಬೊಸೋಮಲ್ ಜೀನ್‌ನಿಂದ ಕಟ್ಟುವವರಿಗೆ ಬಯೋ-ರಾಡ್‌ನ ಚೆಲೆಕ್ಸ್-100 ರೆಸಿನ್ (ಸಣ್ಣ ಮಣಿಗಳ ಪುಡಿ) ಸಾಕು, ಡಿಎನ್‌ಎಯನ್ನು ಪೊರೆಗೆ ಅಂಟಿಸಿ ತೊಳೆದು ಇಳಿಸುವ ದುಬಾರಿ ಕಾಲಂ ಕಿಟ್ ಬೇಡ. ಇದಕ್ಕೆ ಕಾರಣ ಸಿಲಿಯೇಟ್‌ನ ಒಡಲಲ್ಲೇ ಇದೆ. ಇವುಗಳ ದೊಡ್ಡ ನ್ಯೂಕ್ಲಿಯಸ್‌ನಲ್ಲಿ ಈ ಜೀನ್ ಒಂದೆರಡಲ್ಲ, ಸಾವಿರಗಟ್ಟಲೆ ಪ್ರತಿಗಳಲ್ಲಿರುತ್ತದೆ. ಆಲಿಗೊಟ್ರಿಕ್ ಎಂಬ ಗುಂಪಿನ ಕೆಲವು ಸಿಲಿಯೇಟ್‌ಗಳಲ್ಲಿ ಒಂದೇ ಕೋಶಕ್ಕೆ ಲಕ್ಷ ದಾಟುತ್ತದೆ. ಹಾಗಾಗಿ ಅಷ್ಟೇನೂ ಶುದ್ಧವಲ್ಲದ ಡಿಎನ್‌ಎ ರಸದಿಂದಲೂ ಪಿಸಿಆರ್ (ಡಿಎನ್‌ಎ ತುಂಡನ್ನು ನಕಲು ಮಾಡಿ ಹೆಚ್ಚಿಸುವ ವಿಧಾನ) ಗೆಲ್ಲುತ್ತದೆ. ಕಾಲಂ ಕಿಟ್‌ನಲ್ಲಿ ಒಂದು ಕೋಶದ ಡಿಎನ್‌ಎಯ ಒಂದು ಪಾಲು ಪೊರೆಗೇ ಅಂಟಿ ಹೋಗುತ್ತದೆ, ಉಳಿದದ್ದು ಇಳಿಸುವ ದ್ರವದಲ್ಲಿ ತೆಳುವಾಗುತ್ತದೆ. ಚೆಲೆಕ್ಸ್‌ನಲ್ಲಿ ಕೋಶ ಹಾಕಿದ ಟ್ಯೂಬಿನಿಂದ ಏನೂ ಆಚೆ ಹೋಗುವುದಿಲ್ಲ.

ತಯಾರಿ ಸುಲಭ. 0.5 ಗ್ರಾಂ ಪುಡಿಗೆ 10 ಮಿ.ಲೀ. ಶುದ್ಧ ನೀರು ಬೆರೆಸಿದರೆ 5 ಶೇಕಡಾ ಮಿಶ್ರಣ, ಅಂದರೆ 50 ಮೈಕ್ರೋಲೀಟರ್‌ನಂತೆ 200 ಟ್ಯೂಬ್. ಎಡವುವುದು ಹಂಚುವಾಗ. ಮಣಿಗಳು ಕ್ಷಣದಲ್ಲಿ ತಳ ಸೇರುತ್ತವೆ. ನಿಂತ ಸೀಸೆಯಿಂದ ಎಳೆದರೆ ಒಂದು ಟ್ಯೂಬಿಗೆ ಬರೀ ನೀರು, ಇನ್ನೊಂದಕ್ಕೆ ಬರೀ ಮಣಿ. ಮ್ಯಾಗ್ನೆಟಿಕ್ ಸ್ಟರರ್ ಮೇಲೆ ತಿರುಗುತ್ತಿರುವಾಗಲೇ, ತುದಿ ಕತ್ತರಿಸಿದ ಟಿಪ್‌ನಿಂದ ತೆಗೆಯಬೇಕು.

ಕೋಶ ಆರಿಸುವ ಮೊದಲು ಫೋಟೊ. ಟಿಂಟಿನ್ನಿಡ್ ತನ್ನ ಸುತ್ತ ಹೂಜಿಯಂಥ ಲೋರಿಕಾ ಕಟ್ಟಿಕೊಂಡಿರುತ್ತದೆ; ಅದರ ಬಾಯಿಯ ಅಗಲ, ಉದ್ದ, ಗೋಡೆಯ ಕೆತ್ತನೆ ಕಾಣುವಂತೆ ಅಳತೆಪಟ್ಟಿಯ ಸಮೇತ ತೆಗೆಯಿರಿ. ಟ್ಯೂಬಿಗೆ ಇಳಿದ ಕೋಶ ಮತ್ತೆ ಸಿಗದು. ಬೆಂಕಿಯಲ್ಲಿ ಎಳೆದು ಸಪೂರ ಮಾಡಿದ ಗಾಜಿನ ಪಿಪೆಟ್‌ನಿಂದ ಕೋಶ ಹಿಡಿದು, 0.2 ಮೈಕ್ರೋಮೀಟರ್‌ನಲ್ಲಿ ಸೋಸಿದ ಸಮುದ್ರದ ನೀರಿನ ಹನಿಗಳಲ್ಲಿ ನಾಲ್ಕೈದು ಸಲ ತೊಳೆಯಿರಿ. ಜೊತೆಗೆ ಹೋಗುವ ನೀರು 1–2 ಮೈಕ್ರೋಲೀಟರ್ ಮೀರದಿರಲಿ, ಉಪ್ಪು ಹೆಚ್ಚಾದರೆ ಪಿಸಿಆರ್‌ಗೆ ಅಡ್ಡಿ. ಕೊನೆಯ ಹನಿಯನ್ನು ಕೋಶವಿಲ್ಲದೆ ಬೇರೊಂದು ಟ್ಯೂಬಿಗೆ ಹಾಕಿಡಿ. ಅದರಲ್ಲೂ ಪಿಸಿಆರ್ ನಂತರ ಜೆಲ್‌ನಲ್ಲಿ ಬ್ಯಾಂಡ್ (ಡಿಎನ್‌ಎ ಪಟ್ಟಿ) ಬಂದರೆ ಆ ದಿನದ ಫಲಿತಾಂಶಗಳನ್ನು ನಂಬುವಂತಿಲ್ಲ. ಲೂಗಾಲ್ ಎಂಬ ಅಯೋಡಿನ್ ದ್ರಾವಣದಲ್ಲಿಟ್ಟ ಮಾದರಿಗೆ ತೊಳೆತ ಇನ್ನೂ ಹೆಚ್ಚು ಬೇಕು.

ಕೋಶವಿರುವ ಟ್ಯೂಬಿಗೆ 50 ಮೈಕ್ರೋಲೀಟರ್ ಚೆಲೆಕ್ಸ್, 20 ಮಿ.ಗ್ರಾಂ/ಮಿ.ಲೀ. ಪ್ರೋಟಿನೇಸ್-ಕೆ (ಪ್ರೋಟೀನ್ ಕತ್ತರಿಸುವ ಕಿಣ್ವ) 1 ಮೈಕ್ರೋಲೀಟರ್, 56 ಡಿಗ್ರಿಯಲ್ಲಿ ಒಂದು ಗಂಟೆ, 95 ಡಿಗ್ರಿಯಲ್ಲಿ 15 ನಿಮಿಷ. ಈ ಕುದಿ ಕಡಿಮೆಯಾದರೆ ಉಳಿದ ಪ್ರೋಟಿನೇಸ್ ಮುಂದೆ ಪಿಸಿಆರ್ ನಡೆಸುವ ಕಿಣ್ವವಾದ ಟ್ಯಾಕ್ ಪಾಲಿಮರೇಸನ್ನೇ ಕತ್ತರಿಸಿ ಹಾಕುತ್ತದೆ. ಕುದಿಯುವಾಗ ಡಿಎನ್‌ಎ ಒಡೆಯಲು ನೆರವಾಗುವ ಲೋಹದ ಅಯಾನುಗಳನ್ನು ಮಣಿಗಳು ಹಿಡಿದಿಟ್ಟುಕೊಳ್ಳುತ್ತವೆ, ಇದೇ ಚೆಲೆಕ್ಸ್‌ನ ಅಸಲಿ ಕೆಲಸ. ಇದೇ ಗುಣ ಮುಂದೆ ತೊಂದರೆಯೂ ಹೌದು: ಒಂದೆರಡು ಮಣಿ ಪಿಸಿಆರ್‌ಗೆ ಜಾರಿದರೂ ಅವು ಟ್ಯಾಕ್‌ಗೆ ಬೇಕಾದ ಮೆಗ್ನೀಸಿಯಂ ಕಸಿದುಕೊಳ್ಳುತ್ತವೆ, ಜೆಲ್ ಖಾಲಿ. ಸೆಂಟ್ರಿಫ್ಯೂಜ್‌ನಲ್ಲಿ 12,000 ಜಿ ಬಲದಲ್ಲಿ ಮೂರು ನಿಮಿಷ ತಿರುಗಿಸಿ, ಮೇಲ್ಗಡೆಯಿಂದ ಮಾತ್ರ 2 ಮೈಕ್ರೋಲೀಟರ್ ತೆಗೆದು 25 ಮೈಕ್ರೋಲೀಟರ್‌ನ ಪಿಸಿಆರ್‌ಗೆ ಹಾಕಿ. ಫ್ರೀಜರ್‌ನಿಂದ ತೆಗೆದಾಗಲೂ ಮತ್ತೆ ತಿರುಗಿಸಲೇಬೇಕು. ಬಹಳ ಜನ ಮರೆಯುವುದು ಇದನ್ನೇ.

ರಸವನ್ನು ಕ್ಯೂಬಿಟ್ ಎಂಬ ಡಿಎನ್‌ಎ ಅಳೆಯುವ ಯಂತ್ರದಲ್ಲಿ ಅಳೆದು 'ಏನೂ ಇಲ್ಲ' ಎಂದು ಚೆಲ್ಲಬೇಡಿ. ಕುದಿದ ಡಿಎನ್‌ಎ ಒಂಟಿ ಎಳೆಯಾಗಿರುತ್ತದೆ, ಜೋಡಿ ಎಳೆಗೆ ಮಾಡಿದ ಬಣ್ಣ ಅದನ್ನು ಸರಿಯಾಗಿ ಹಿಡಿಯದು. ನೇರ ಪಿಸಿಆರ್ ಮಾಡಿ ನೋಡುವುದೇ ಸರಿಯಾದ ಪರೀಕ್ಷೆ.

ರೈಬೊಸೋಮ್‌ನ ಚಿಕ್ಕ ಭಾಗದ, ಅಂದರೆ ಸ್ಮಾಲ್ ಸಬ್‌ಯೂನಿಟ್ ಜೀನ್‌ಗೆ 1988ರಿಂದ ಬಳಕೆಯಲ್ಲಿರುವ ಮೆಡ್ಲಿನ್ ಎ, ಬಿ ಪ್ರೈಮರ್‌ಗಳು (ನಕಲಾಗಬೇಕಾದ ತುಂಡಿನ ಎರಡು ತುದಿ ಗುರುತಿಸುವ ಚಿಕ್ಕ ಡಿಎನ್‌ಎ ಎಳೆಗಳು) ಸುಮಾರು 1,750 ಬೇಸ್‌ನ ತುಂಡು ಕೊಡುತ್ತವೆ. ಕುಲ, ಕುಟುಂಬದ ಮಟ್ಟಕ್ಕೆ ಅದು ಸರಿ. ಹತ್ತಿರದ ಜಾತಿಗಳನ್ನು ಬಿಡಿಸಲು ಲಾರ್ಜ್ ಸಬ್‌ಯೂನಿಟ್‌ನ ಡಿ1–ಡಿ2 ಭಾಗ ಅಥವಾ ಐಟಿಎಸ್ (ಈ ಜೀನ್‌ಗಳ ನಡುವಿನ ತುಣುಕು) ಬೇಕು. ಅದೇ ರಸದಿಂದ ಅವೂ ಬರುತ್ತವೆ, ಏಕೆಂದರೆ ಎಲ್ಲವೂ ಒಂದೇ ಸಾಲಿನ ನೆರೆಹೊರೆ. ಆದರೆ ಈ ಪ್ರೈಮರ್‌ಗಳು ಕೋಶ ತಿಂದ ಆಹಾರವನ್ನೂ ವರ್ಧಿಸುತ್ತವೆ. ಡೈನೊಫ್ಲಾಜೆಲೇಟ್ (ಇನ್ನೊಂದು ಏಕಕೋಶ ಜೀವಿ) ತಿನ್ನುವ ಫಾವೆಲ್ಲಾ ಎಂಬ ಟಿಂಟಿನ್ನಿಡ್‌ನ ಕೋಶವನ್ನು ಸೋಸಿದ ನೀರಿನಲ್ಲಿ ರಾತ್ರಿಯಿಡೀ ಉಪವಾಸ ಕೆಡವಿದರೆ ಕ್ರೊಮ್ಯಾಟೊಗ್ರಾಂನಲ್ಲಿ (ಸರಣಿ ಓದಿದ ರೇಖಾಚಿತ್ರದಲ್ಲಿ) ಜೋಡಿ ಶಿಖರ ಕಡಿಮೆಯಾಗುತ್ತದೆ. ಉಳಿಯುವ ಸಣ್ಣ ಜೋಡಿ ಶಿಖರಗಳು ಪ್ರತಿಗಳ ನಡುವಿನ ನಿಜವಾದ ವ್ಯತ್ಯಾಸವೂ ಇರಬಹುದು. ಪಿಸಿಆರ್ ತುಂಡನ್ನು ಬ್ಯಾಕ್ಟೀರಿಯಾದಲ್ಲಿ ಕ್ಲೋನ್ ಮಾಡುವವರು ಒಂದೇ ಕ್ಲೋನ್‌ನಲ್ಲಿ ಕಂಡ ಬದಲಾವಣೆಯಿಂದ ಹೊಸ ಜಾತಿ ಹೇಳಬಾರದು. ಮೀಸೊಡಿನಿಯಂ ರುಬ್ರಮ್ ಎಂಬ ಸಿಲಿಯೇಟ್‌ಗಂತೂ ಈ ದಾರಿ ಬೇಡ: ಅದರ ಜೀನ್ ತೀರಾ ಬೇರೆಯಾಗಿದೆ, ಒಳಗೆ ತಾನು ತಿಂದ ಕ್ರಿಪ್ಟೊಫೈಟ್ ಪಾಚಿಯ ನ್ಯೂಕ್ಲಿಯಸ್ ಇಟ್ಟುಕೊಂಡಿರುತ್ತದೆ, ನಿಮಗೆ ಸಿಗುವುದು ಆ ಪಾಚಿಯ ಸರಣಿಯೇ.

ಇಷ್ಟು ಪಾಡು ಯಾಕೆ ಎನ್ನುವವರು ಫಾವೆಲ್ಲಾ ಕಥೆ ನೋಡಬೇಕು. ಲೋರಿಕಾ ಆಕಾರವನ್ನೇ ನಂಬಿ ಒಂದೇ ಕುಲವೆಂದಿದ್ದ ಗುಂಪಿನಿಂದ 2012ರಲ್ಲಿ ಶ್ಮಿಡಿಂಗೆರೆಲ್ಲಾ ಎಂಬ ಕುಲ ಬೇರೆಯಾಯಿತು, ಜೀನ್ ಮತ್ತು ಗೋಡೆಯ ರಚನೆ ಎರಡನ್ನೂ ಒಟ್ಟಿಗೆ ನೋಡಿದ್ದರಿಂದ. ಟಿಂಟಿನ್ನಾಪ್ಸಿಸ್ ಎಂಬ ಇನ್ನೊಂದು ಕುಲದ ಹೆಸರಿನವು ಇವತ್ತಿಗೂ ವೃಕ್ಷದ ಹಲವು ಕೊಂಬೆಗಳಲ್ಲಿ ಚದುರಿ ಬೀಳುತ್ತವೆ.

ಜೀನೋಮ್ ಅಥವಾ ಟ್ರಾನ್ಸ್‌ಕ್ರಿಪ್ಟೋಮ್ (ಕೋಶದ ಆರ್‌ಎನ್‌ಎಗಳ ಪೂರ್ಣ ಪಟ್ಟಿ) ಬೇಕಾದವರು, ವರ್ಷಗಟ್ಟಲೆ ಡಿಎನ್‌ಎ ಕಾಯ್ದಿಡಬೇಕಾದವರು ಇದನ್ನು ಕೊಳ್ಳಬೇಡಿ. ಈ ರಸ ಬೇಗ ಹಾಳಾಗುತ್ತದೆ. ಹತ್ತಿಪ್ಪತ್ತು ಕೋಶಗಳಷ್ಟೇ ಇದ್ದರೆ ಅದೇ ಕಂಪನಿಯ ಇನ್‌ಸ್ಟಾಜೀನ್ ಮ್ಯಾಟ್ರಿಕ್ಸ್ ತರಿಸಬಹುದು, ಅದು 6 ಶೇಕಡಾ ಚೆಲೆಕ್ಸ್‌ನ ಸಿದ್ಧ ಮಿಶ್ರಣವೇ.