ಟ್ರಸ್ಟೋ, ಸಂಘವೋ, ಸೆಕ್ಷನ್ 8 ಕಂಪನಿಯೋ?

ಕರ್ನಾಟಕದಲ್ಲಿ ಸೇವಾಸಂಸ್ಥೆ ಕಟ್ಟಹೊರಟವರಿಗೆ ಎದುರಾಗುವ ಮೊದಲ ಗೊಂದಲ ಇದು.

ಟ್ರಸ್ಟ್ ಸುಲಭ. ಉದ್ದೇಶ, ನಿಯಮಗಳನ್ನು ಹೇಳುವ ಟ್ರಸ್ಟ್ ಪತ್ರ (ಡೀಡ್) ಬರೆಸಿ ಉಪನೋಂದಣಾಧಿಕಾರಿ ಕಚೇರಿಯಲ್ಲಿ ನೋಂದಾಯಿಸಿದರೆ ಆಯಿತು. ಚುನಾವಣೆಯ ಗದ್ದಲವಿಲ್ಲ. ಆದರೆ ಪತ್ರದಲ್ಲಿ ಬರೆದದ್ದೇ ವೇದವಾಕ್ಯ. ಉದ್ದೇಶವನ್ನು ಮುಂದೆ ಬದಲಿಸುವುದು ಕಷ್ಟ. ಸ್ಥಾಪಕರ ಮನೆಯವರೇ ಟ್ರಸ್ಟಿಗಳಾದರೆ ಜನರಿಗೆ ಅನುಮಾನವೂ ಸಹಜ.

ಸಂಘ ಇದಕ್ಕೆ ತದ್ವಿರುದ್ಧ. 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ಕನಿಷ್ಠ ಏಳು ಮಂದಿ ಬೇಕು. ಪ್ರತಿವರ್ಷ ಸರ್ವಸದಸ್ಯರ ಸಭೆ ನಡೆಸಿ, ಲೆಕ್ಕಪತ್ರ ಮತ್ತು ಪದಾಧಿಕಾರಿಗಳ ಪಟ್ಟಿ ಸಲ್ಲಿಸಬೇಕು. ಒಳಜಗಳ ಮಿತಿಮೀರಿದರೆ ನೋಂದಣಾಧಿಕಾರಿ ವಿಚಾರಣೆ ನಡೆಸಬಹುದು. ಸರ್ಕಾರ ಆಡಳಿತಾಧಿಕಾರಿಯನ್ನು ನೇಮಿಸಲೂ ಅವಕಾಶವಿದೆ. ಹಿತ್ತಲ ಗಿಡ ಮದ್ದಲ್ಲವೆಂಬಂತೆ ಊರ ಸಂಘಗಳು ತಮ್ಮದೇ ಬೈಲಾವನ್ನು (ನಿಯಮಾವಳಿಯನ್ನು) ತೆರೆದು ನೋಡುವುದು ಜಗಳ ಬಂದಾಗ ಮಾತ್ರ.

2013ರ ಕಂಪನಿ ಕಾಯ್ದೆಯ ಸೆಕ್ಷನ್ 8 ಕಂಪನಿಗೆ ಇಬ್ಬರು ನಿರ್ದೇಶಕರಿದ್ದರೂ ಸಾಕು. ಲಾಭ ಹಂಚುವಂತಿಲ್ಲ. ಕಾರ್ಪೊರೇಟ್ ದಾನಿಗಳಿಗೆ ಈ ರೂಪ ಪರಿಚಿತ. ಆದರೆ ಲೆಕ್ಕಪರಿಶೋಧಕರ ಶುಲ್ಕ, ವಾರ್ಷಿಕ ದಾಖಲೆ, ತಡವಾದರೆ ದಂಡ: ಇವು ಪುಟ್ಟ ಸಂಸ್ಥೆಯನ್ನು ಹಿಂಡುತ್ತವೆ.

ವಿದೇಶಿ ದೇಣಿಗೆಯ ಆಸೆಯಿದ್ದರೆ ಮೂರಕ್ಕೂ ಒಂದೇ ಕಟ್ಟುನಿಟ್ಟು. ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತ ವೆಚ್ಚ ಶೇ 20 ಮೀರುವಂತಿಲ್ಲ, ಇನ್ನೊಂದು ಸಂಸ್ಥೆಗೆ ವರ್ಗಾಯಿಸುವಂತಿಲ್ಲ.

ನನ್ನನ್ನು ಕೇಳಿದರೆ, ಊರ ಗ್ರಂಥಾಲಯಕ್ಕೆ ಸಂಘ, ಮನೆತನದ ವಿದ್ಯಾರ್ಥಿವೇತನಕ್ಕೆ ಟ್ರಸ್ಟ್. ಸಂಬಳದ ಸಿಬ್ಬಂದಿ ಇಟ್ಟುಕೊಂಡು ಹಲವು ಜಿಲ್ಲೆಗಳಲ್ಲಿ ಕೆಲಸ ಮಾಡುವವರು ಕಂಪನಿಯ ಖರ್ಚನ್ನು ಸಹಿಸಿಕೊಳ್ಳಲಿ.